ಅಕ್ಕನ ಮೊಟ್ಟೆ ಅಂಗಡಿಗೆ ಪೈಥಾನ್ ಲೆಕ್ಕ: ಒಂದು ಶ್ರಾವಣದ ಕೆಲಸದ ದಿನಚರಿ

ಶ್ರಾವಣ ಬಂತೆಂದರೆ ಅಕ್ಕನ ಮೊಟ್ಟೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ದಾವಣಗೆರೆಯ ಆ ಬೀದಿಯಲ್ಲಿ ತಿಂಗಳಿಡೀ ಮೊಟ್ಟೆ ಮುಟ್ಟದ ಮನೆಗಳೇ ಹೆಚ್ಚು. ಉಳಿದ ದಿನಗಳಲ್ಲಿ ತಲೆ ಎತ್ತಲು ಪುರಸೊತ್ತಿಲ್ಲದ ಅಕ್ಕ ಈ ಒಂದು ತಿಂಗಳು ಮಾತಿಗೆ ಸಿಗುತ್ತಾಳೆ. ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ಲು ಬರೆಯುವವನು. ಎರಡು ತಿಂಗಳಿಂದ ರಾತ್ರಿ ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ಎರಡು ಸಂಖ್ಯೆ ಕೂಡಿಸು, ಯಾವುದು ದೊಡ್ಡದು ಹೇಳು ಎನ್ನುವಂಥ ಅಭ್ಯಾಸಗಳು ಸಾಕಾಗಿ, ಅಂಗಡಿಯ ಲೆಕ್ಕವನ್ನೇ ಪ್ರೋಗ್ರಾಂ ಮಾಡೋಣ ಅಂತ ಹೊರಟೆ. ಆಪರೇಟರ್‌ಗಳ ಪಾಠ ಅಷ್ಟೇ ಮುಗಿದಿತ್ತು: ಕೂಡು, ಕಳೆ, ಗುಣಿಸು, ಭಾಗಿಸು, ಹೋಲಿಸು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಒಂದು ತಿಂಗಳು ಹಿಡಿಯಿತು.

ಸಲಕರಣೆ: ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಪೈಥಾನ್ 3.12, ಅದರ ಜೊತೆಗೇ ಬರುವ, ಪ್ರೋಗ್ರಾಂ ಬರೆದು ಓಡಿಸುವ ಐಡಲ್, ಕನ್ನಡ ಕೀಬೋರ್ಡ್ ಲೇಔಟ್, ಅಕ್ಕನ ಉದ್ದನೆಯ ಲೆಕ್ಕದ ಪುಸ್ತಕ.

ಓದುವ ಮೊದಲು ಒಂದು ಮಾತು. ಪ್ರಿಂಟ್, ಇನ್‌ಪುಟ್, ಇಫ್, ಆ್ಯಂಡ್, ಆರ್ ಇವು ಪೈಥಾನ್‌ನ ಸ್ವಂತ ಪದಗಳು. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು. ಇಲ್ಲಿ ಓದಲು ಸಲೀಸಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಆದರೆ ಮೊಟ್ಟೆ, ಟ್ರೇ, ಉಳಿಕೆ ಎಂಬ ಹೆಸರುಗಳು ನನ್ನ ಪ್ರೋಗ್ರಾಂನಲ್ಲಿ ನಿಜವಾಗಿಯೂ ಕನ್ನಡದಲ್ಲೇ ಇವೆ. ಪೈಥಾನ್ 3 ಅದನ್ನು ಒಪ್ಪುತ್ತದೆ. ಅಕ್ಕನೂ ಓದುವಂತಿರಬೇಕು ಎನ್ನುವುದು ನನ್ನ ಹಟ.

ಆಗಸ್ಟ್ 10, ಶನಿವಾರ: ಇನ್ನೂರಹತ್ತು ಮೂರುಗಳು

ಮೊದಲು ವ್ಯಾಪಾರದ ಅಳತೆ ಬರೆದುಕೊಂಡೆ. ಒಂದು ಟ್ರೇಗೆ 30 ಮೊಟ್ಟೆ. ಒಂದು ಪೆಟ್ಟಿಗೆಗೆ 7 ಟ್ರೇ, ಅಂದರೆ 210. ಸಗಟು ದರ ಹೇಳುವುದು ನೂರರ ಲೆಕ್ಕದಲ್ಲಿ. ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ದಿನದಿನವೂ ಪ್ರಕಟಿಸುವ ದರದಲ್ಲಿ ಅಕ್ಕ ನೋಡುವುದು ಹೊಸಪೇಟೆಯದ್ದು. ದರ ದಿನಾ ಬದಲಾಗುವುದರಿಂದ ಈ ಬರಹದುದ್ದಕ್ಕೂ ನೂರಕ್ಕೆ 480 ರೂಪಾಯಿ ಅಂತ ಹಿಡಿದಿದ್ದೇನೆ.

ಮೊದಲ ಪ್ರಯತ್ನ: ಎಷ್ಟು ಪೆಟ್ಟಿಗೆ ಬಂತು ಎಂದು ಇನ್‌ಪುಟ್‌ನಿಂದ ಕೇಳು, 210ರಿಂದ ಗುಣಿಸು.

ಮೊಟ್ಟೆ = ಪೆಟ್ಟಿಗೆ * 210

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು 3 ಅಂತ ಒತ್ತಿದೆ. 630 ಬರಬೇಕಿತ್ತು. ಪರದೆಯ ಮೇಲೆ 3333333 ಅಂತ ಎರಡೂವರೆ ಸಾಲು ಮೂರುಗಳು ಬಂದವು. ಅಕ್ಕ ಒಂದು ನಿಮಿಷ ನೋಡಿ, "ಇಷ್ಟು ಮೊಟ್ಟೆ ಇಡೋಕೆ ಜಾಗ ಎಲ್ಲಿದೆಯೋ?" ಅಂದಳು.

ಕಾರಣ ಸಿಗಲು ಅರ್ಧ ಗಂಟೆ ಬೇಕಾಯಿತು. ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರವನ್ನು. ಅಕ್ಷರದ ಮುಂದೆ * 210 ಅಂದರೆ "ಇದನ್ನೇ 210 ಸಲ ಬರೆ" ಎಂದು ಅರ್ಥ. + ಕೂಡ ಹಾಗೇ: ಅಕ್ಷರದ "7" ಮತ್ತು ಅಕ್ಷರದ "3" ಕೂಡಿಸಿದರೆ 10 ಅಲ್ಲ, "73". ಆಪರೇಟರ್ ಒಂದೇ, ಎಡಬಲ ಏನಿದೆ ಎನ್ನುವುದರ ಮೇಲೆ ಕೆಲಸ ಬೇರೆ. ಇನ್‌ಪುಟ್‌ಗೆ ಹೊರಗಿನಿಂದ, ಅಕ್ಷರವನ್ನು ಸಂಖ್ಯೆ ಮಾಡುವ ಇಂಟ್ ಸುತ್ತಿದ ಮೇಲೆ 630 ಬಂತು.

ಅವತ್ತೇ ಇನ್ನೆರಡು ವಿಷಯ ಗೊತ್ತಾದವು. ಅಕ್ಕ ರೂಢಿಯಂತೆ 1,000 ಅಂತ ಅಲ್ಪವಿರಾಮ ಹಾಕಿ ಹೊಡೆದಳು, ಇಂಟ್ ಕೆಂಪಕ್ಷರದಲ್ಲಿ ಕೂಗಾಡಿತು. ಆದರೆ ಕನ್ನಡ ಲೇಔಟ್ ಬದಲಿಸಲು ಮರೆತು ೧೨ ಅಂತ ಕನ್ನಡ ಅಂಕಿ ಹೊಡೆದಾಗ ಏನೂ ಅನ್ನದೆ 12 ಅಂತ ತೆಗೆದುಕೊಂಡಿತು! ಖುಷಿಯಾಗಿ ಪ್ರೋಗ್ರಾಂ ಒಳಗೂ 30ರ ಬದಲು ೩೦ ಬರೆದೆ. ಅಲ್ಲಿ ಮಾತ್ರ ಒಪ್ಪಲಿಲ್ಲ. ಹೊರಗಿನಿಂದ ಬರುವ ಅಂಕಿ ಕನ್ನಡದ್ದಾದರೂ ನಡೆಯುತ್ತದೆ, ಪ್ರೋಗ್ರಾಂನಲ್ಲಿ ಬರೆಯುವ ಅಂಕಿ ನಡೆಯುವುದಿಲ್ಲ.

ಆಗಸ್ಟ್ 11, ಭಾನುವಾರ: ಭಾಗಾಕಾರ ಎರಡು ಬಗೆ

1000 ಮೊಟ್ಟೆಗೆ ಎಷ್ಟು ಟ್ರೇ?

ಟ್ರೇ = ಮೊಟ್ಟೆ / 30

ಉತ್ತರ 33.333333333333336. ಕೊನೆಯ 6 ಎಲ್ಲಿಂದ ಬಂತು ಅಂತ ಅವತ್ತು ತಲೆ ಕೆಡಿಸಿಕೊಳ್ಳಲಿಲ್ಲ (ಆಮೇಲೆ ಅದೇ ಬಂದು ಕಾಡಿತು). ಮೂರು ಪೆಟ್ಟಿಗೆಯನ್ನು ತಿರುಗಿಸಿ ನೋಡೋಣ ಅಂತ 630 / 210 ಮಾಡಿದರೆ 3.0 ಬಂತು. "ಚುಕ್ಕಿ ಸೊನ್ನೆ ಯಾಕೆ? ಅರ್ಧಂಬರ್ಧ ಪೆಟ್ಟಿಗೆ ಏನಾದ್ರೂ ಇದೆಯಾ?" ಅಂತ ಅಕ್ಕ.

ಪೈಥಾನ್ 3ರಲ್ಲಿ ಒಂಟಿ ಗೀಟಿನ ಭಾಗಾಕಾರ ಯಾವಾಗಲೂ ದಶಮಾಂಶವನ್ನೇ ಕೊಡುತ್ತದೆ, ಶೇಷ ಉಳಿಯಲಿ ಬಿಡಲಿ. ನನ್ನ ಬಳಿ ಇದ್ದ ಹಳೇ ನೋಟ್ಸಿನಲ್ಲಿ 7 / 2 ಅಂದರೆ 3 ಎಂದಿತ್ತು. ಅದು ಪೈಥಾನ್ 2ರ ಕಾಲದ ನೋಟ್ಸು. ಅದರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ. ಒಂದು ಸಂಜೆ ಆ ನೋಟ್ಸನ್ನು ನಂಬಿ ಹಾಳಾಯಿತು. ಈಗ ಅದು ಟ್ರೇ ಕೆಳಗೆ ಹಾಸುವ ಕಾಗದ.

ಬೇಕಾದದ್ದು ಜೋಡಿ ಗೀಟು. ಅದು ಪೂರ್ತಿ ಭಾಗವನ್ನಷ್ಟೇ ಕೊಡುತ್ತದೆ. ಉಳಿದದ್ದಕ್ಕೆ % ಗುರುತು.

ಪೆಟ್ಟಿಗೆ = ಮೊಟ್ಟೆ // 210
ಮಿಕ್ಕದ್ದು = ಮೊಟ್ಟೆ % 210
ಟ್ರೇ = ಮಿಕ್ಕದ್ದು // 30
ಬಿಡಿ = ಮಿಕ್ಕದ್ದು % 30

1000 ಕೊಟ್ಟರೆ 4 ಪೆಟ್ಟಿಗೆ, 5 ಟ್ರೇ, 10 ಬಿಡಿ. ಅಕ್ಕ ಬೆರಳು ಮಡಚಿ ಎಣಿಸಿ ತಲೆಯಾಡಿಸಿದಳು. ಆದರೆ % ಗುರುತು ನೋಡಿ ತಗಾದೆ ತೆಗೆದಳು. ಅವಳ ಕ್ಯಾಲ್ಕ್ಯುಲೇಟರಿನಲ್ಲಿ ಅದು ಶೇಕಡಾ. ಸಾವಿರಕ್ಕೆ ಶೇಕಡಾ ಮೂವತ್ತು ಅಂದರೆ ಮುನ್ನೂರು, ಹತ್ತು ಹೇಗೆ ಬರುತ್ತದೆ? "ಇಲ್ಲಿ ಅದು ಶೇಕಡಾ ಅಲ್ಲ, ಹಂಚಿದ ಮೇಲೆ ಕೈಲಿ ಉಳಿಯೋದು" ಅಂದೆ. "ಹಂಗಾದ್ರೆ ಬೇರೆ ಗುರುತು ಹಾಕ್ಬೇಕಿತ್ತು" ಅಂದಳು. ಅವಳ ಮಾತು ನನಗೂ ಸರಿ ಅನ್ನಿಸಿತು.

ಆಗಸ್ಟ್ 14, ಬುಧವಾರ: ಕಣ್ಣಿಗೆ ಕಾಣದ ಅಕ್ಷರ

ಆಫೀಸಿನ ಬಿಡುವಿನಲ್ಲಿ ಫೋನಿನಲ್ಲಿ ನಾಲ್ಕು ಸಾಲು ಬರೆದು, ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಂಡು, ರಾತ್ರಿ ಲ್ಯಾಪ್‌ಟಾಪಿಗೆ ಅಂಟಿಸಿದೆ. ಮೂರು ಪೆಟ್ಟು ಬಿತ್ತು.

ಒಂದು, ಗುಣಾಕಾರಕ್ಕೆ ಫೋನ್ ಕೀಬೋರ್ಡಿನ × ಹಾಕಿದ್ದೆ. ಶಾಲೆಯಲ್ಲಿ ಕಲಿತ ಗುರುತೇ, ಆದರೆ ಪೈಥಾನ್‌ಗೆ ಬೇಕಾದ್ದು ನಕ್ಷತ್ರ. ಎರಡು, ಕಳೆಯುವ ಗುರುತು ಸ್ವಲ್ಪ ಉದ್ದ ಗೀಟಾಗಿ ಬಂದಿತ್ತು. ನೋಡಲು ಮೈನಸ್ಸೇ, ಒಳಗೆ ಬೇರೆ ಅಕ್ಷರ. ಇವೆರಡಕ್ಕೂ ಐಡಲ್ "ಅಮಾನ್ಯ ಅಕ್ಷರ" ಅಂತ ತೋರಿಸಿದ್ದರಿಂದ ಬೇಗ ಬಗೆಹರಿಯಿತು.

ಮೂರನೆಯದು ರಾತ್ರಿ ಹನ್ನೊಂದೂವರೆ ತನಕ ಕೂರಿಸಿತು. ಗಲ್ಲಾಪೆಟ್ಟಿಗೆಯ ಹಣಕ್ಕೆ ನಾನಿಟ್ಟ ಹೆಸರು ಕ್ಯಾಶ್‌ಬಾಕ್ಸ್. ಆ ಸಾಲಿನಲ್ಲಿ ತಪ್ಪೇ ಕಾಣುತ್ತಿಲ್ಲ, ಆದರೆ ಯು+200ಸಿ ಎಂಬ ಮುದ್ರಿಸಲಾಗದ ಅಕ್ಷರ ಇದೆ ಅನ್ನುತ್ತದೆ. ಅಳಿಸಿ ಮತ್ತೆ ಟೈಪ್ ಮಾಡಿದರೂ ಅದೇ. ಕೊನೆಗೆ ಬಾಣದ ಕೀಲಿ ಹಿಡಿದು ಅಕ್ಷರ ಅಕ್ಷರವಾಗಿ ನಡೆದಾಗ, ಶ್ ಮತ್ತು ಬಾ ನಡುವೆ ಕರ್ಸರ್ ಒಂದು ಹೆಜ್ಜೆ ಹೆಚ್ಚಿಗೆ ನಿಂತಿತು. ಶ್ ಕೆಳಗೆ ಬ ಒತ್ತಾಗಿ ಕೂರಬಾರದು ಅಂತ ನಾವು ಕನ್ನಡದಲ್ಲಿ ಹಾಕುವ ಆ ಶೂನ್ಯ ಅಗಲದ ತಡೆ ಇದೆಯಲ್ಲ, ಅದು. ಓದುವವರಿಗೆ ಅದು ಬೇಕೇಬೇಕು; ಪೈಥಾನ್ ಹೆಸರಿನೊಳಗೆ ಅದಕ್ಕೆ ಜಾಗವಿಲ್ಲ. ನಡುವೆ ಅಡಿಗೀಟು ಹಾಕಿ ಕ್ಯಾಶ್_ಬಾಕ್ಸ್ ಮಾಡಿದೆ. ಕನ್ನಡದಲ್ಲಿ ಹೆಸರಿಡುವ ಯಾರಿಗಾದರೂ ಇದು ಒಮ್ಮೆ ಸಿಕ್ಕೇ ಸಿಗುತ್ತದೆ. ಇಂಗ್ಲಿಷಿನಲ್ಲಿ ಕಲಿಯುವವರಿಗೆ ಈ ಪೀಡೆ ಇಲ್ಲ.

ಆಗಸ್ಟ್ 15, ಗುರುವಾರ: ಸಾವಿರ ಮೊಟ್ಟೆಗೆ 932 ರೂಪಾಯಿ

ರಜೆ. ಬೆಳಿಗ್ಗೆಯಿಂದಲೇ ಕೂತೆ. ಬಂದ ಮೊಟ್ಟೆಯಲ್ಲಿ ಒಡೆದದ್ದನ್ನು ಕಳೆದು, ಉಳಿದದ್ದಕ್ಕೆ ದರ ಕಟ್ಟಬೇಕು. ಬಂದದ್ದು 1000, ಒಡೆದದ್ದು 14.

ಮೊತ್ತ = ಬಂದದ್ದು - ಒಡೆದದ್ದು * ದರ / 100

932.8 ರೂಪಾಯಿ. ಅಕ್ಕ ಪುಸ್ತಕದಿಂದ ತಲೆ ಎತ್ತದೆಯೇ "ನಾಲ್ಕು ಸಾವಿರದ ಏಳುನೂರು ಚಿಲ್ಲರೆ ಬರ್ಬೇಕು" ಅಂದಳು. ಗುಣಾಕಾರ ಭಾಗಾಕಾರ ಮೊದಲು, ಕೂಡು ಕಳೆ ಆಮೇಲೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಯಂತ್ರ ಒಡೆದ 14 ಮೊಟ್ಟೆಗೆ ಬೆಲೆ ಕಟ್ಟಿ, ಆ 67.2 ರೂಪಾಯಿಯನ್ನು 1000 ಮೊಟ್ಟೆಯಿಂದ ಕಳೆದಿತ್ತು. ಮೊಟ್ಟೆಯಿಂದ ರೂಪಾಯಿ ಕಳೆದರೆ ಏನು ಬರುತ್ತದೆ ಅಂತ ಅದು ಕೇಳುವುದಿಲ್ಲ.

ಮೊತ್ತ = (ಬಂದದ್ದು - ಒಡೆದದ್ದು) * ದರ / 100

4732.8. ಸರಿ. ಅವತ್ತಿನಿಂದ ಬೇಕಿರಲಿ ಬೇಡದಿರಲಿ ಕಂಸ ಹಾಕುತ್ತೇನೆ. ಆದರೆ ಇದೇ ಎಚ್ಚರಿಕೆಯನ್ನು ಒಂದು ಕಡೆ ಮರೆತೆ. ಅದಕ್ಕೆ ತೆತ್ತ ದಂಡ ಮುಂದಿದೆ.

ಒಂದೂ ಒಡೆಯದಿದ್ದರೆ "ಪೂರ್ತಿ ಲೋಡು ಚೆನ್ನಾಗಿದೆ" ಅಂತ ತೋರಿಸೋಣ ಅಂತ ಇಫ್ ಬರೆದಾಗ ಒಂದೇ = ಹಾಕಿದ್ದೆ. ಐಡಲ್ ಅಲ್ಲೇ ಹಿಡಿದು, == ಬೇಕಿತ್ತಾ ಅಂತ ಕೇಳಿತು. ಒಂದೇ = ಹೆಸರಿನಲ್ಲಿ ಬೆಲೆ ಇಡುವುದಕ್ಕೆ, ಜೋಡಿ == ಸಮವೇ ಎಂದು ಕೇಳುವುದಕ್ಕೆ. ಸಿ ಭಾಷೆಯಲ್ಲಿ ಇದೇ ತಪ್ಪು ತೆಪ್ಪಗೆ ಒಳಗೆ ಹೋಗಿ ಕೂರುತ್ತದೆ. ಪೈಥಾನ್ ಬಾಗಿಲಲ್ಲೇ ತಡೆದದ್ದು ಪುಣ್ಯ.

ಮಧ್ಯಾಹ್ನ ಚಾರ್ಜರ್ ವೈರು ಎಳೆಯಲು ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಟ್ರೇಗೆ ತಗುಲಿತು. 11 ಮೊಟ್ಟೆ ಹೋದವು. ಅಕ್ಕ ಏನೂ ಅನ್ನಲಿಲ್ಲ, ಪುಸ್ತಕದಲ್ಲಿ ನನ್ನ ಹೆಸರು ಬರೆದು ಮುಂದೆ 52 ರೂಪಾಯಿ 80 ಪೈಸೆ ಬರೆದಳು.

ಆಗಸ್ಟ್ 18, ಭಾನುವಾರ: ಹತ್ತು ಪೈಸೆ, ಇಪ್ಪತ್ತು ಪೈಸೆ

ಈ ದಿನದ ಕೆಲಸವೇ ಇಡೀ ಪ್ರೋಗ್ರಾಂನ ದಿಕ್ಕು ಬದಲಿಸಿದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ದರ ದಿನಕ್ಕೆ ಐದು ಪೈಸೆ, ಹತ್ತು ಪೈಸೆ ಅಂತ ಏರುತ್ತಾ ಇಳಿಯುತ್ತಾ ಇರುತ್ತದೆ. ಸಣ್ಣ ಏರಿಕೆಗೆಲ್ಲ ಅಕ್ಕ ಬೋರ್ಡ್ ಬದಲಿಸುವುದಿಲ್ಲ. ಎಲ್ಲ ಸೇರಿ ಮೂವತ್ತು ಪೈಸೆ ಆದರೆ ಬದಲಿಸುತ್ತಾಳೆ. "ಅದನ್ನ ನಿನ್ ಯಂತ್ರ ನೆನಪಿಸ್ಲಿ" ಅಂದಳು. ನಿನ್ನೆ ಹತ್ತು ಪೈಸೆ, ಇವತ್ತು ಇಪ್ಪತ್ತು ಪೈಸೆ ಏರಿತು ಅಂತ ಕೊಟ್ಟು ನೋಡಿದೆ.

ಏರಿಕೆ = 0.1 + 0.2
ಇಫ್ ಏರಿಕೆ == 0.3: ಪ್ರಿಂಟ್("ಬೋರ್ಡ್ ಬದಲಿಸು")

ಏನೂ ಬರಲಿಲ್ಲ. ಮತ್ತೆ ಓಡಿಸಿದೆ, ಇಲ್ಲ. ಏರಿಕೆಯನ್ನೇ ಪ್ರಿಂಟ್ ಮಾಡಿದರೆ 0.30000000000000004. ಹದಿನೇಳನೆಯ ಮನೆಯಲ್ಲಿ ಒಂದು 4 ಕೂತಿದೆ. ಆ ಭಾನುವಾರದ 33.333333333333336 ಕೂಡ ಇದೇ ಜಾತಿಯದು. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಅಲ್ಲಿ ಹತ್ತನೇ ಒಂದು ಭಾಗ ಸರಿಯಾಗಿ ಕೂರುವುದೇ ಇಲ್ಲ. ನಮ್ಮಲ್ಲಿ ಮೂರನೇ ಒಂದು 0.333 ಅಂತ ಮುಗಿಯದೆ ಹೋಗುವ ಹಾಗೆ.

ಮೊದಲ ಪರಿಹಾರವಾಗಿ ಎಲ್ಲದಕ್ಕೂ, ಹತ್ತಿರದ ಪೂರ್ಣ ಸಂಖ್ಯೆಗೆ ಸರಿಮಾಡುವ ರೌಂಡ್ ಹಾಕಿದೆ. ಅದೂ ಕೈಕೊಟ್ಟಿತು. ಅರ್ಧ ಟ್ರೇ, 15 ಮೊಟ್ಟೆ, ಇಲ್ಲಿ ಮಾತ್ರ ನೂರಕ್ಕೆ 470ರ ದರ ಹಿಡಿದರೆ, 70 ರೂಪಾಯಿ 50 ಪೈಸೆ. ಅಕ್ಕನ ರೂಢಿಯಲ್ಲಿ ಐವತ್ತು ಪೈಸೆ ಮೇಲಕ್ಕೆ, 71. ಪೈಥಾನ್ 70 ಅಂದಿತು. ಸರಿಯಾಗಿ ಅರ್ಧಕ್ಕೆ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದಂತೆ: 70.5 ಆದರೆ 70, 71.5 ಆದರೆ 72. ಒಬ್ಬ ಗಿರಾಕಿಗೆ ಕೆಳಗೆ, ಇನ್ನೊಬ್ಬನಿಗೆ ಮೇಲೆ. "ಹಂಗೆ ಮಾಡಿದ್ರೆ ಜನ ಅಂಗಡಿ ಮುಂದೆ ನಿಂತು ಜಗಳ ಆಡ್ತಾರೆ" ಅಂದಳು ಅಕ್ಕ.

ಆಗ ಅವಳೇ ಹಾದಿ ತೋರಿಸಿದ್ದು. ನಾನು ದರವನ್ನು ಮತ್ತೆ ಮತ್ತೆ 100ರಿಂದ ಭಾಗಿಸಿ 4.8 ಮಾಡುತ್ತಿದ್ದುದನ್ನು ನೋಡಿ, "ಅದನ್ಯಾಕೆ ಒಡೀತೀಯೋ? ನೂರಕ್ಕೆ 480 ರೂಪಾಯಿ ಅಂದ್ರೆ ಒಂದಕ್ಕೆ 480 ಪೈಸೆ ಅಲ್ವಾ" ಅಂದಳು.

ಹೌದಲ್ಲ! ವ್ಯಾಪಾರದವರು ನೂರರ ದರ ಹೇಳುವುದರಲ್ಲೇ ಪೈಸೆಯ ಲೆಕ್ಕ ಅಡಗಿದೆ. ದರವನ್ನು ಮುಟ್ಟಲೇಬೇಕಿಲ್ಲ, ದಶಮಾಂಶ ಹುಟ್ಟುವುದೇ ಇಲ್ಲ. ಎಲ್ಲವನ್ನೂ ಅಳಿಸಿ ಪೈಸೆಯಲ್ಲಿ ಬರೆದೆ.

ಪೈಸೆ = (ಬಂದದ್ದು - ಒಡೆದದ್ದು) * ದರ
ರೂಪಾಯಿ = ಪೈಸೆ // 100
ಚಿಲ್ಲರೆ = ಪೈಸೆ % 100

986 ಮೊಟ್ಟೆಗೆ 473280 ಪೈಸೆ. 4732 ರೂಪಾಯಿ, 80 ಪೈಸೆ. ಏರಿಕೆಯೂ 10 + 20 == 30, ನೇರ ಹೌದು. ರೂಪಾಯಿಗೆ ಸರಿಮಾಡಬೇಕಾದಾಗ ಐವತ್ತು ಕೂಡಿಸಿ ಭಾಗಿಸಿದರಾಯಿತು:

ಬಿಲ್ = (ಪೈಸೆ + 50) // 100

ಅರ್ಧ ಟ್ರೇಯ 7050 ಪೈಸೆ ಈಗ 71. ಭಾನುವಾರದ ಟ್ರೇ ಲೆಕ್ಕಕ್ಕೆ ಕಲಿತ ಅದೇ ಎರಡು ಆಪರೇಟರ್‌ಗಳು ಇಲ್ಲಿ ರೂಪಾಯಿ ಪೈಸೆಗೂ ಸಾಕಾದವು. ಹಣದ ಲೆಕ್ಕ ಮಾಡುವ ಹೊಸಬರಿಗೆ ನನ್ನದೊಂದೇ ಸಲಹೆ: ಪೈಸೆಯಲ್ಲಿಡಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಆಗಸ್ಟ್ 21, ಬುಧವಾರ: ದಿನದ ವ್ಯಾಪಾರ 144 ರೂಪಾಯಿ

ಮೊದಲ ಸಲ ದಿನವಿಡೀ ಅಂಗಡಿಯಲ್ಲಿ ಓಡಿತು. ನಾನು ಆಫೀಸಿನಲ್ಲಿದ್ದೆ. ರಾತ್ರಿ ಬಂದರೆ ಭಾವ ನಗುತ್ತಾ, "ಬಾರಪ್ಪ ಇಂಜಿನಿಯರ್ರೇ, ಇವತ್ತು ಬರೀ 144 ರೂಪಾಯಿ ವ್ಯಾಪಾರ" ಅಂದರು. ಗಲ್ಲಾದಲ್ಲಿ ಆರು ಸಾವಿರದ ಮೇಲಿತ್ತು. 144 ಅಂದರೆ ಒಂದು ಟ್ರೇಯ ಬೆಲೆ; ಕೊನೆಯ ಗಿರಾಕಿ ಒಯ್ದದ್ದು ಒಂದು ಟ್ರೇ.

ತಪ್ಪು ಸಾಲು ಇದು:

ಒಟ್ಟು =+ ಬಿಲ್

ಇರಬೇಕಾದದ್ದು:

ಒಟ್ಟು += ಬಿಲ್

ಎರಡು ಗುರುತು ಅದಲು ಬದಲು, ಅಷ್ಟೇ. ಮೊದಲನೆಯದನ್ನು ಪೈಥಾನ್ "ಒಟ್ಟಿನಲ್ಲಿ ಧನ ಬಿಲ್ ಇಡು" ಅಂತ ಓದುತ್ತದೆ. ಹಳೆಯದನ್ನು ಎಸೆದು ಹೊಸದನ್ನು ಇಡುತ್ತದೆ, ತಕರಾರೇ ಇಲ್ಲ. ಕೆಂಪಕ್ಷರ ಬರುವ ತಪ್ಪು ಎಷ್ಟೋ ವಾಸಿ. ಇದು ಬೆಳಿಗ್ಗೆಯಿಂದ ರಾತ್ರಿವರೆಗೆ ನಗುನಗುತ್ತಲೇ ಲೆಕ್ಕ ತಿಂದು ಹಾಕಿತು. ಅಕ್ಕ ಪುಸ್ತಕದಲ್ಲೂ ಬರೆದುಕೊಳ್ಳುತ್ತಿದ್ದಳು, ಅದೇ ಉಳಿಸಿತು.

ಆಗಸ್ಟ್ 24, ಶನಿವಾರ: ಮೈನಸ್ ಒಂದು ಪೆಟ್ಟಿಗೆ

ಸಂಜೆ ಅಕ್ಕನ ಫೋನು. "ಏನೋ ಇದು, ಉಳಿಕೆ ಮೈನಸ್ ಒಂದು ಪೆಟ್ಟಿಗೆ, ಆರು ಟ್ರೇ, ಇಪ್ಪತ್ಮೂರು ಬಿಡಿ ಅಂತ ತೋರಿಸ್ತಿದೆ. ಯಾರಿಗೆ ಕೊಡ್ಬೇಕು ನಾನು ಒಂದು ಪೆಟ್ಟಿಗೆ?"

ಮೊದಲು ನನಗೂ ತಲೆಬುಡ ಗೊತ್ತಾಗಲಿಲ್ಲ. ಹಿಂದಿನ ದಿನದ ಉಳಿಕೆ ಹಾಕಲು ಅವಳು ಮರೆತಿದ್ದಳು. ಹಾಗಾಗಿ ಯಂತ್ರದ ಪ್ರಕಾರ ಬಂದದ್ದಕ್ಕಿಂತ 7 ಮೊಟ್ಟೆ ಹೆಚ್ಚು ಮಾರಾಟವಾಗಿತ್ತು. ಉಳಿಕೆ -7. ಸೊನ್ನೆ ಪೆಟ್ಟಿಗೆ, ಮೈನಸ್ 7 ಬಿಡಿ ಅಂತಾದರೂ ಬರಬೇಕಿತ್ತಲ್ಲ?

ಐಡಲ್‌ನಲ್ಲಿ ಕೈಯಾರೆ ಹೊಡೆದು ನೋಡಿದೆ. -7 // 210 ಅಂದರೆ -1. -7 % 210 ಅಂದರೆ 203. ಜೋಡಿ ಗೀಟು ಉತ್ತರವನ್ನು ಸೊನ್ನೆಯ ಕಡೆ ಕತ್ತರಿಸುವುದಿಲ್ಲ, ಯಾವಾಗಲೂ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತದೆ. ಸೊನ್ನೆಯ ಕೆಳಗೆ ಇರುವ ಮೆಟ್ಟಿಲು ಮೈನಸ್ ಒಂದು. ಅಲ್ಲಿಗೆ 210 ಸಾಲವಾಯಿತು, ಬೇಕಿದ್ದದ್ದು 7 ಮಾತ್ರ, ಹಾಗಾಗಿ 203 ವಾಪಸ್. ಆ 203 ಅಂದರೆ 6 ಟ್ರೇ, 23 ಬಿಡಿ. ಲೆಕ್ಕ ಕೂಡಿಸಿ ನೋಡಿದರೆ ತಪ್ಪೇ ಇಲ್ಲ: -210 + 180 + 23, ಸರಿಯಾಗಿ -7. ಸಿ, ಜಾವಾಗಳಲ್ಲಿ ಇದೇ ಲೆಕ್ಕ 0 ಮತ್ತು -7 ಕೊಡುತ್ತದೆ. ಆಫೀಸಿನಲ್ಲಿ ಜಾವಾ ಬಲ್ಲ ಹುಡುಗನೊಬ್ಬ ಇದನ್ನು ನಂಬಲಿಲ್ಲ, ಪೈಥಾನ್ ತೆರೆದು ತೋರಿಸಬೇಕಾಯಿತು.

ತಪ್ಪು ಆಪರೇಟರ್‌ನದ್ದಲ್ಲ, ಋಣ ಸಂಖ್ಯೆಯನ್ನು ಅಲ್ಲಿಯವರೆಗೆ ಬಿಟ್ಟ ನನ್ನದು. ಭಾಗಿಸುವ ಮೊದಲೇ ಉಳಿಕೆ < 0 ಇದ್ದರೆ "ನಿನ್ನೆಯ ಉಳಿಕೆ ಹಾಕಿದ್ದೀರಾ?" ಅಂತ ಕೇಳುವ ಸಾಲು ಸೇರಿಸಿದೆ. ಒಡೆದದ್ದಕ್ಕೂ ಒಂದು ಕಾವಲು:

0 <= ಒಡೆದದ್ದು <= ಬಂದದ್ದು

ಲೆಕ್ಕದ ಪುಸ್ತಕದಲ್ಲಿ ಬರೆಯುವ ಹಾಗೇ ಎರಡು ಹೋಲಿಕೆಗಳನ್ನು ಸರಪಳಿ ಮಾಡಬಹುದು ಎನ್ನುವುದು ಪೈಥಾನ್‌ನಲ್ಲಿ ನನಗೆ ತುಂಬ ಹಿಡಿಸಿದ ವಿಷಯ.

ಆಗಸ್ಟ್ 25, ಭಾನುವಾರ: ಭಾವನ ಬಡ್ಡಿ

ಅಂಗಡಿಗೆ ಸಂಬಂಧವಿಲ್ಲದ್ದು. ಭಾವ ಒಂದು ಕಾಗದ ಹಿಡಿದು ಬಂದು, "ನೂರಕ್ಕೆ ಎರಡು ಬಡ್ಡಿ, ತಿಂಗಳಾ ಚಕ್ರಬಡ್ಡಿ. ಹತ್ತು ಸಾವಿರಕ್ಕೆ ವರ್ಷಕ್ಕೆ ಎಷ್ಟಾಗುತ್ತೆ ನೋಡು" ಅಂದರು. ಘಾತಕ್ಕೆ ^ ಹಾಕಿ 1.02 ^ 12 ಅಂತ ಹೊಡೆದೆ, ದೋಷ ಬಂತು. ಪೂರ್ಣಾಂಕ ಕೊಟ್ಟಿದ್ದರೆ ದೋಷವೂ ಬರುತ್ತಿರಲಿಲ್ಲ: 5 ^ 2 ಅಂದರೆ 25 ಅಲ್ಲ, 7. ಅದು ಬಿಟ್‌ಗಳ (0, 1 ಅಂಕಿಗಳ) ಮೇಲೆ ನಡೆಯುವ ಬೇರೆಯೇ ಆಪರೇಟರ್. ಘಾತಕ್ಕೆ ಜೋಡಿ ನಕ್ಷತ್ರ. 10000 * 1.02 ** 12 ಸುಮಾರು 12,682. "ನಾನು 12,400 ಅಂದ್ಕೊಂಡಿದ್ದೆ" ಅಂತ ಭಾವ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. ಆ ಸಾಲ ತೆಗೆದುಕೊಂಡರೋ ಇಲ್ಲವೋ ನಾನು ಕೇಳಲಿಲ್ಲ.

ಆಗಸ್ಟ್ 28ರಿಂದ 31: ಆರ್, ಆ್ಯಂಡ್ ಮತ್ತು 92 ರೂಪಾಯಿ

ರಿಯಾಯಿತಿ. ಅಕ್ಕ ಹೇಳಿದ ನಿಯಮ ಅವಳ ಮಾತಲ್ಲೇ: "ಹಳೇ ಗಿರಾಕಿ ಆಗಿರ್ಲಿ, ಇಲ್ಲ ಹತ್ತು ಟ್ರೇ ಒಯ್ಯೋರಾಗಿರ್ಲಿ, ನಗದು ಕೊಟ್ರೆ ಟ್ರೇಗೆ ಎರಡು ರೂಪಾಯಿ ಬಿಡು."

ಮೊದಲು ನಗದೋ ಉದ್ರಿಯೋ ಕೇಳಬೇಕು. ಅಕ್ಕ ಕೆಲವೊಮ್ಮೆ "ಹೌದು" ಅಂತ ಹೊಡೆಯುತ್ತಾಳೆ, ಕೆಲವೊಮ್ಮೆ "ಹೂಂ".

ಇಫ್ ಉತ್ತರ == "ಹೌದು" ಆರ್ "ಹೂಂ":

ಕನ್ನಡದಲ್ಲಿ ಓದಿದರೆ ಎಷ್ಟು ಸರಿ! ಉತ್ತರ ಹೌದು ಅಥವಾ ಹೂಂ ಆಗಿದ್ದರೆ. ಆದರೆ "ಇಲ್ಲ" ಅಂತ ಹೊಡೆದರೂ ನಗದು ಅಂತಲೇ ಹಿಡಿಯಿತು. ಯಂತ್ರ ಓದುವುದು ಹೀಗೆ: ಉತ್ತರ ಹೌದಿಗೆ ಸಮವೇ? ಅಥವಾ, "ಹೂಂ"? ಎರಡನೆಯದರಲ್ಲಿ ಹೋಲಿಕೆಯೇ ಇಲ್ಲ, ಬರೀ ಒಂದು ಪದ ನಿಂತಿದೆ. ಖಾಲಿಯಲ್ಲದ ಪದ ಪೈಥಾನ್‌ಗೆ ಸದಾ ನಿಜ. ಆರ್‌ನ ಎರಡೂ ಕಡೆ ಉತ್ತರ == ಅಂತ ಪೂರ್ತಿ ಬರೆಯಬೇಕು. ನಾನು ಅದನ್ನೂ ಬಿಟ್ಟು, ನಗದಿಗೆ 1, ಉದ್ರಿಗೆ 0 ಮಾಡಿದೆ. ಹೂಂ, ಹೂ, ಹ್ಞೂಂ ಎಲ್ಲದಕ್ಕೂ ಎಲ್ಲಿ ಅಂತ ಸಾಲು ಬರೆಯುತ್ತಾ ಕೂರುವುದು.

ನಗದು = ಉತ್ತರ == 1

ಈ ಸಾಲು ನೋಡಿದರೆ ತಪ್ಪು ಬರೆದಂತೆ ಕಾಣುತ್ತದೆ. ಸರಿಯಾಗಿಯೇ ಇದೆ: ಬಲಗಡೆ ಮೊದಲು ಕೇಳಿ, ಬಂದ ನಿಜ ಸುಳ್ಳನ್ನು ಎಡಗಡೆ ಇಡುತ್ತದೆ.

ಆಮೇಲೆ ನಿಯಮದ ಸಾಲು. ಅಕ್ಕ ಹೇಳಿದ ಕ್ರಮದಲ್ಲೇ ಬರೆದೆ:

ಇಫ್ ಹಳೇ_ಗಿರಾಕಿ ಆರ್ ಟ್ರೇ >= 10 ಆ್ಯಂಡ್ ನಗದು:

ಮೂರು ದಿನ ಓಡಿತು, ಯಾರೂ ಏನೂ ಅನ್ನಲಿಲ್ಲ. ಶನಿವಾರ ರಾತ್ರಿ ಉದ್ರಿ ಪುಸ್ತಕಕ್ಕೆ ತಾಳೆ ನೋಡುವಾಗ ಒಂದು ಕ್ಯಾಂಟೀನಿನವರ ಬಾಕಿ ಕಮ್ಮಿ ಬಿತ್ತು. ಹಳೇ ಗಿರಾಕಿ, ಆದರೆ ಒಯ್ಯುವುದೆಲ್ಲ ಉದ್ರಿ. ಮೂರು ದಿನಕ್ಕೆ 46 ಟ್ರೇ, ಟ್ರೇಗೆ ಎರಡು ರೂಪಾಯಿ, 92 ರೂಪಾಯಿ ಬಿಟ್ಟುಕೊಟ್ಟಿದ್ದೆವು. ಗುಣಾಕಾರ ಕೂಡುವುದಕ್ಕಿಂತ ಮುಂದೆ ನಿಲ್ಲುವ ಹಾಗೆ ಆ್ಯಂಡ್ ಆರ್‌ಗಿಂತ ಮುಂದೆ ನಿಲ್ಲುತ್ತದೆ. ನಗದು ಎನ್ನುವ ಷರತ್ತು ಹತ್ತು ಟ್ರೇಯವರಿಗೆ ಮಾತ್ರ ಅಂಟಿಕೊಂಡಿತ್ತು, ಹಳೇ ಗಿರಾಕಿ ಷರತ್ತೇ ಇಲ್ಲದೆ ಒಳಗೆ ಬಂದಿದ್ದ. ಆಗಸ್ಟ್ 15ಕ್ಕೆ ಕಂಸದ ಮೇಲೆ ಆಣೆ ಮಾಡಿದವನು ಇಲ್ಲಿ ಹಾಕಿರಲಿಲ್ಲ.

ಇಫ್ (ಹಳೇ_ಗಿರಾಕಿ ಆರ್ ಟ್ರೇ >= 10) ಆ್ಯಂಡ್ ನಗದು:

ಬಾಕಿ ವಸೂಲು ಮಾಡೋಣವೇ ಅಂದರೆ ಅಕ್ಕ, "ಕೊಟ್ಟಿದ್ದನ್ನ ವಾಪಸ್ ಕೇಳೋದು ಚೆನ್ನಾಗಿರಲ್ಲ, ನಿನ್ ಖಾತೆಗೆ ಬರ್ಕೋತೀನಿ" ಅಂದಳು.

ಸೆಪ್ಟೆಂಬರ್ 1: ಖರ್ಚಿನ ಲೆಕ್ಕ

ಲ್ಯಾಪ್‌ಟಾಪ್ 9,500. ಬ್ಯಾಟರಿ ಸತ್ತಿತ್ತು, ಹೊಸದಕ್ಕೆ 1,400. ಮೌಸ್ 250. ಪೈಥಾನ್ ಪುಕ್ಕಟೆ. ಲ್ಯಾಪ್‌ಟಾಪ್ ಮುಚ್ಚಳಕ್ಕೆ ಬಲಿಯಾದ 11 ಮೊಟ್ಟೆ 52.80. ಕಂಸ ಮರೆತದ್ದಕ್ಕೆ 92. ಒಟ್ಟು 11,294 ರೂಪಾಯಿ 80 ಪೈಸೆ. ಇದನ್ನೂ ಪೈಸೆಯಲ್ಲೇ ಕೂಡಿಸಿದೆ.

ಇನ್ನೂ ಆಗದ್ದು: ಪ್ರೋಗ್ರಾಂ ಮುಚ್ಚಿದರೆ ಎಲ್ಲ ಸೊನ್ನೆ. ಫೈಲಿಗೆ ಬರೆಯುವುದನ್ನು ಕಲಿಯುವವರೆಗೆ ನಿನ್ನೆಯ ಉಳಿಕೆಯನ್ನು ಅಕ್ಕನೇ ಪುಸ್ತಕ ನೋಡಿ ಹಾಕಬೇಕು.

ಸೆಪ್ಟೆಂಬರ್ 8, ಭಾನುವಾರ: 29 ಅಲ್ಲ, 28

ಗಣೇಶನ ಹಬ್ಬದ ಮಾರನೇ ದಿನ ದೊಡ್ಡ ಲೋಡು ಬಂತು. 40 ಪೆಟ್ಟಿಗೆ, 8400 ಮೊಟ್ಟೆ. ಒದ್ದೆಯಾದ ಪೆಟ್ಟಿಗೆಗಳನ್ನು ಬಿಚ್ಚಿ, ಒಡೆದದ್ದನ್ನು ಆರಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನ. ಒಡೆದದ್ದು 61. ಯಂತ್ರ ಹೇಳಿದ್ದು: 39 ಪೆಟ್ಟಿಗೆ, 4 ಟ್ರೇ, 29 ಬಿಡಿ.

ಅಕ್ಕ ಎಣಿಸಿದಳು. 39 ಪೆಟ್ಟಿಗೆ ಸರಿ, 4 ಟ್ರೇ ಸರಿ, ಬಿಡಿ 28. ಐದನೇ ಟ್ರೇಯಲ್ಲಿ ಒಂದಲ್ಲ, ಎರಡು ಗುಳಿ ಖಾಲಿ. ನಾನು ಪ್ರೋಗ್ರಾಂ ತೆರೆದು ಕಂಸ, ಗೀಟು, ಗುರುತು ಎಲ್ಲ ಮೊದಲಿನಿಂದ ನೋಡತೊಡಗಿದೆ. ಹತ್ತು ನಿಮಿಷ ಬೆವರಿದ ಮೇಲೆ, ಲೋಡ್ ಇಳಿಸಿದ ಹುಡುಗ ಕಿಟಕಿಯ ಮೇಲಿನ ಸ್ಟೀಲ್ ಲೋಟ ತೋರಿಸಿದ. ಒಂದು ಬಿರುಕು ಬಿಟ್ಟಿತ್ತಂತೆ, ಸೋರದಿರಲಿ ಅಂತ ಅದರಲ್ಲಿ ಒಡೆದು ಹಾಕಿದ್ದನಂತೆ, ಹೇಳಲು ಮರೆತನಂತೆ.

"ಸರಿ, ನಾನೇ ಹೊಡೀತೀನಿ" ಅಂತ ಅಕ್ಕ ಕೈ ಒರೆಸಿಕೊಂಡು ಕೂತಳು. ನಾನು ಹೇಳಿದಂತೆ ಒಂದು ಬೆರಳಲ್ಲಿ ಹುಡುಕಿ ಹುಡುಕಿ ಎರಡು ಸಾಲು ಹೊಡೆದಳು.

ಒಡೆದದ್ದು += 1
ಉಳಿಕೆ -= 1

ಮೂರನೆಯದನ್ನು ನಾನು ಹೇಳುವ ಮೊದಲೇ, "ಈ ಶೇಕಡಾ ಗುರುತು ಹಾಕಿದ್ರೆ ಬಿಡಿ ಬರುತ್ತಲ್ವಾ?" ಅಂತ ಅವಳೇ ಹೊಡೆದಳು.

ಉಳಿಕೆ % 30

"ಮೊದಲು 210ರಿಂದ ತೆಗೀಬೇಕು ಅಕ್ಕ, ಆಮೇಲೆ 30" ಅಂದೆ.

"ಪೆಟ್ಟಿಗೆ ಅಂದ್ರೆ ಏಳು ಟ್ರೇನೇ ಅಲ್ವೇನೋ? ಬಿಡಿ ಎಣಿಸೋಕೆ ಪೆಟ್ಟಿಗೆ ಯಾಕೆ ಬೇಕು?" ಅಂತ ಎಂಟರ್ ಒತ್ತಿದಳು. 28.

ಆಗಸ್ಟ್ 11ರಿಂದ ಪ್ರೋಗ್ರಾಂನಲ್ಲಿ ಕೂತಿದ್ದ ಬಿಡಿ = ಮಿಕ್ಕದ್ದು % 30 ಸಾಲನ್ನು ಆ ರಾತ್ರಿ ಬಿಡಿ = ಉಳಿಕೆ % 30 ಅಂತ ತಿದ್ದಿದೆ.